ಕೊಲ್ಲಾಪುರ ಪಾಸಿಂಗ್‌ನ 2012ರ ಡೀಸೆಲ್ ಸ್ವಿಫ್ಟ್ ಕೊಳ್ಳಬಹುದೇ? ಅದರ ಪೂರ್ವಾಪರ ತಿಳಿಯುವುದು ಹೇಗೆ?

ಅಥಣಿಯಿಂದ ನೀವು ಕೇಳಿರುವ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಎಂಎಚ್ 09 ಪಾಸಿಂಗ್‌ನ, ಅಂದರೆ ಕೊಲ್ಲಾಪುರದಲ್ಲಿ ನೋಂದಣಿಯಾದ, 2012ರ ಡೀಸೆಲ್ ಸ್ವಿಫ್ಟ್ ಒಂದು ನಿಮ್ಮೂರಿನಲ್ಲಿ ಮಾರಾಟಕ್ಕಿದೆ, ಮೀಟರು 92 ಸಾವಿರ ಕಿಲೋಮೀಟರ್ ತೋರಿಸುತ್ತಿದೆ, ಪಿಯುಸಿ (ಹೊಗೆ ತಪಾಸಣೆಯ ಪ್ರಮಾಣಪತ್ರ) ಮತ್ತು ವಿಮೆ ಎರಡೂ ಚಾಲ್ತಿಯಲ್ಲಿರುವುದರಿಂದ ಗಾಡಿ ತಪಾಸಣೆಯಾದಂತೆಯೇ ಎಂದು ಮಾರುವವರು ಹೇಳುತ್ತಿದ್ದಾರೆ. ಅವರ ಮಾತನ್ನು ನಂಬಬಹುದೇ, ಹಳೆಯ ತಪಾಸಣೆಗಳ ದಾಖಲೆ ಎಲ್ಲಿ ಸಿಗುತ್ತದೆ ಎಂಬುದು ನಿಮ್ಮ ಪ್ರಶ್ನೆ. ನಾನು ಬೆಳಗಾವಿಯಲ್ಲಿ ವಾಹನ ವಿಮೆಯ ಹಾನಿ ಸರ್ವೇಯರ್ ಆಗಿ ಕೆಲಸ ಮಾಡಿದವನು. ಗುದ್ದಿದ ಗಾಡಿಗಳನ್ನೂ ಹೊಳೆಯ ನೀರಿನಲ್ಲಿ ನಿಂತ ಗಾಡಿಗಳನ್ನೂ ನೋಡುವುದೇ ನನ್ನ ಉದ್ಯೋಗವಾಗಿತ್ತಾದ್ದರಿಂದ ಆ ಕಡೆಯಿಂದಲೇ ಉತ್ತರಿಸುತ್ತೇನೆ.

ನೀವು ಹುಡುಕುತ್ತಿರುವಂಥ ತಪಾಸಣೆಯ ದಾಖಲೆ ಎಂಬುದು ಈ ಕಾರಿಗೆ ಇಲ್ಲವೇ ಇಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಮ್ಮ ದೇಶದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ, ಅಲ್ಲಿಯವರೆಗೆ ಅದನ್ನು ಫಿಟ್‌ನೆಸ್ ಪರೀಕ್ಷೆಗೆ ಯಾರೂ ಕರೆಯುವುದಿಲ್ಲ. ಹಳದಿ ಬೋರ್ಡಿನ ಗಾಡಿಗಳಿಗೆ ನಿಗದಿತ ಅವಧಿಗೊಮ್ಮೆ ಆಗುವ ಫಿಟ್‌ನೆಸ್ ಬಿಳಿ ಬೋರ್ಡಿನವಕ್ಕೆ ಅನ್ವಯಿಸುವುದಿಲ್ಲ. ಪಿಯುಸಿ ಹೊಗೆಯನ್ನು ಅಳೆಯುತ್ತದೆಯೇ ಹೊರತು ಬ್ರೇಕ್, ಸ್ಟೇರಿಂಗ್, ಚಾಸಿ ಯಾವುದನ್ನೂ ನೋಡುವುದಿಲ್ಲ. ಈ ಸ್ವಿಫ್ಟ್ ತನ್ನ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕಾದದ್ದು 2027ರಲ್ಲಿ, ಆಗ ಅದರ ಮಾಲೀಕರು ನೀವಾಗಿರುತ್ತೀರಿ. ಆದ್ದರಿಂದ ಪೂರ್ವಾಪರವನ್ನು ನೀವೇ ಕಟ್ಟಿಕೊಳ್ಳಬೇಕು. ಬೇರೆ ಬೇರೆ ಕಾಲದಲ್ಲಿ, ಈ ಮಾರಾಟದ ಯೋಚನೆಯೇ ಇಲ್ಲದಿದ್ದಾಗ ಬರೆದ ಬಿಲ್ಲು, ಪಾಲಿಸಿ, ರಸೀದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ನಡುವೆ ಎಲ್ಲಿ ಖಾಲಿ ಬಿದ್ದಿದೆ ಎಂದು ನೋಡುವುದೇ ಇದಕ್ಕಿರುವ ದಾರಿ.

ವಾಹನ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಮಾಲೀಕರ ಕ್ರಮಸಂಖ್ಯೆ, ನೋಂದಣಿಯ ಕೊನೆಯ ದಿನಾಂಕ, ಬ್ಯಾಂಕ್ ಸಾಲದ ನಮೂದು, ವಿಮೆಯ ಅವಧಿ ಇವೆಲ್ಲ ಸಿಗುತ್ತವೆ. ಬಾಕಿ ದಂಡವನ್ನು ಇ-ಚಲನ್ ತಾಣದಲ್ಲಿ ನೋಡಬೇಕು. ಮಾರುವವರು ತಮ್ಮನ್ನು ಎರಡನೇ ಮಾಲೀಕರೆಂದು ಹೇಳಿಕೊಂಡು ದಾಖಲೆ ನಾಲ್ಕನೆಯವರೆಂದು ತೋರಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಮೊದಲು ಟ್ಯಾಕ್ಸಿಯಾಗಿ ಓಡಿ ಆಮೇಲೆ ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂಬುದು ತಾಣದಲ್ಲಿ ಸ್ಪಷ್ಟವಾಗದಿರಬಹುದು. ಕೊಲ್ಲಾಪುರದ ಆರ್‌ಟಿಓ ಕಚೇರಿಯಿಂದ ವಾಹನದ ಪೂರ್ಣ ವಿವರ, ಅಂದರೆ ನಮ್ಮಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ ಎನ್ನುವಂಥದ್ದನ್ನು, ತರಿಸಿ ಕೊಡುವಂತೆ ಮಾಲೀಕರನ್ನೇ ಕೇಳಿ.

ವಿಮೆಯ ಕಾಗದವನ್ನು ಕೊಳ್ಳುವವರು ಅವಧಿ ನೋಡಿ ಮಡಚಿಬಿಡುತ್ತಾರೆ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಒಂದು ಸಾಲಿದೆ, ನನ್ನ ದೃಷ್ಟಿಯಲ್ಲಿ ಇಡೀ ಪಾಲಿಸಿಯಲ್ಲಿ ನಿಮಗೆ ಹೆಚ್ಚು ಹೇಳುವುದು ಅದೇ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50 ರಿಯಾಯಿತಿ ಸಿಗುತ್ತದೆ. ಒಂದು ಕ್ಲೇಮ್ ಆದರೆ ಮುಂದಿನ ನವೀಕರಣದಲ್ಲಿ ಅದು ಸೊನ್ನೆಗೆ ಇಳಿಯುತ್ತದೆ. ಹತ್ತಕ್ಕಿಂತ ಹೆಚ್ಚು ವರ್ಷದ ಕಾರಿನ ಪಾಲಿಸಿಯಲ್ಲಿ ಶೇ 20 ಎಂದಿದ್ದರೆ ಎರಡು ವರ್ಷದ ಹಿಂದೆ ಏನಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರ ಅಪಘಾತವೇ ಆಗಬೇಕೆಂದಿಲ್ಲ. ನವೀಕರಣ 90 ದಿನಕ್ಕಿಂತ ತಡವಾದರೂ, ಮಾಲೀಕರು ಬದಲಾದರೂ ಬೋನಸ್ ಹೋಗುತ್ತದೆ. ಆದರೆ ಕಾರಣ ಏನೇ ಇದ್ದರೂ ಅದು ಉಳಿದ ಕಾಗದಗಳ ತಾರೀಖಿಗೆ ಹೊಂದಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ ಈ ಸಾಲೇ ಇರುವುದಿಲ್ಲ, ಆಗ ಹಳೆಯ ಪಾಲಿಸಿಗಳನ್ನು ಕೇಳಬೇಕು. ಕ್ಲೇಮ್ ವಿವರವನ್ನು ಕಂಪನಿ ಹೊರಗಿನವರಿಗೆ ಕೊಡುವುದಿಲ್ಲ, ತನ್ನ ಗ್ರಾಹಕ ಕೇಳಿದರೆ ಕೊಡುತ್ತದೆ. ಗಾಡಿ ಸರಿಯಾಗಿದ್ದರೆ ಕೇಳಿ ಕೊಡಲು ಮಾಲೀಕರಿಗೆ ಕಷ್ಟವೇನಿಲ್ಲ.

ಇನ್ನು ಎಂಎಚ್ 09 ಎಂಬ ಅಕ್ಷರಗಳು ನನ್ನನ್ನು ಯೋಚನೆಗೆ ಹಚ್ಚುವ ಕಾರಣವನ್ನು ಹೇಳುತ್ತೇನೆ. 2019ರ ಆಗಸ್ಟ್‌ನಲ್ಲಿ ಪಂಚಗಂಗಾ ಮತ್ತು ಕೃಷ್ಣಾ ನದಿಗಳು ಕೊಲ್ಲಾಪುರ, ಸಾಂಗ್ಲಿಗಳಲ್ಲಿ ಊರೊಳಗೆ ನುಗ್ಗಿದವು. ನಮ್ಮ ಕಡೆ ಅಥಣಿ, ಚಿಕ್ಕೋಡಿ, ಗೋಕಾಕ, ಮುಧೋಳ, ಜಮಖಂಡಿ ಯಾವ ತಾಲ್ಲೂಕೂ ಉಳಿಯಲಿಲ್ಲ. 2021ರ ಜುಲೈಯಲ್ಲಿ ಮತ್ತೆ ಅದೇ ಆಯಿತು. ದುರಸ್ತಿಯ ವೆಚ್ಚ ಪಾಲಿಸಿಯಲ್ಲಿ ನಮೂದಾದ ಗಾಡಿಯ ಮೌಲ್ಯದ ಶೇ 75ನ್ನು ಮೀರಿದರೆ ಅದನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸಲಾಗುತ್ತದೆ. ಆಮೇಲೆ ಆ ಗಾಡಿ ಸಾಲ್ವೇಜ್ (ಗುಜರಿ) ಆಗಿ ಮಾರಾಟವಾಗುತ್ತದೆ, ಆರ್‌ಸಿ ರದ್ದಾಗದೆ ಉಳಿದಿದ್ದರೆ ತೊಳೆದು, ಒಣಗಿಸಿ, ಹೊಸ ಸೀಟ್ ಕವರ್ ಹಾಕಿ ಅದನ್ನೇ ಮತ್ತೆ ರಸ್ತೆಗೆ ತರುವವರಿದ್ದಾರೆ. ಇದಕ್ಕಿಂತ ಪತ್ತೆಗೆ ಕಷ್ಟವಾದ ಇನ್ನೊಂದು ಬಗೆಯಿದೆ. ನೀರು ಹೊಕ್ಕ ಎಂಜಿನ್ನನ್ನು ಮಾಲೀಕರು ಅವಸರದಲ್ಲಿ ಸ್ಟಾರ್ಟ್ ಮಾಡಿದರೆ ಸಿಲಿಂಡರಿನಲ್ಲಿ ನೀರು ಸಿಕ್ಕಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದಿದ್ದರೆ ಸಾಮಾನ್ಯ ಪಾಲಿಸಿ ಇಂಥ ಹಾನಿಯನ್ನು ಭರಿಸುವುದಿಲ್ಲ. ಅಂಥವರು ಕ್ಲೇಮ್ ಬಿಟ್ಟು ಊರ ಗ್ಯಾರೇಜಿನಲ್ಲೇ ಕಡಿಮೆ ಖರ್ಚಿನಲ್ಲಿ ಕೂಡಿಸಿಕೊಂಡರೆ ಬೋನಸ್ ಶೇ 50 ಹಾಗೆಯೇ ಇರುತ್ತದೆ, ಗಾಡಿ ಮಾತ್ರ ನೀರು ಕುಡಿದದ್ದೇ. ಹಾಗಾಗಿ ಮೇಲೆ ಹೇಳಿದ ಬೋನಸ್ ಸಾಲು ಚೆನ್ನಾಗಿದೆಯೆಂದು ಇಲ್ಲಿ ಸಮಾಧಾನ ಪಡಬೇಡಿ.

ನೀರಿನ ಗುರುತು ಹುಡುಕುವಾಗ ನಾವು ಮೊದಲು ತಿಳಿಯಬಯಸುವುದು ಅದು ಯಾವ ಮಟ್ಟಕ್ಕೆ ಏರಿತ್ತು ಎಂಬುದನ್ನು. ಚಾಲಕನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಒಂದೇ ನೇರದ ಕಲೆಯ ಗೆರೆಯಿದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು ಎಂದು ಅನುಮಾನಿಸಬೇಕು. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಹಳಿಗಳ ಸಂದು, ಡ್ಯಾಶ್‌ಬೋರ್ಡಿನ ಕೆಳಭಾಗ, ಹಿಂದಿನ ದೀಪದ ಒಳಗೆ ಹೊಳೆಯ ನಯವಾದ ರೇವೆ ಮಣ್ಣು ಉಳಿದಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹೊಲದ ದಾರಿಯಲ್ಲಿ ಓಡಿದ ಗಾಡಿಗೆ ಎರೆ ಮಣ್ಣು ಅಂಟುವುದು ಅಡಿಯಲ್ಲಿ ಮತ್ತು ಚಕ್ರದ ಮೇಲಿನ ಬಾಗಿನಲ್ಲಿ. ಡ್ಯಾಶ್‌ಬೋರ್ಡಿನ ಒಳಗೆ ಮಣ್ಣು ಸೇರಲು ಬೇರೆ ದಾರಿ ಇಲ್ಲ. ಕಾರ್ಪೆಟ್ ಎತ್ತಿ ವೈರಿನ ಕನೆಕ್ಟರುಗಳನ್ನು ಬಿಚ್ಚಿಸಿ ನೋಡಿ, ಪಿನ್ನುಗಳಲ್ಲಿ ಹಸಿರು ಕಿಲುಬು ಕಂಡರೆ ಆ ಗಾಡಿ ಬೇಡ. ಎಂಜಿನ್ ರಿಪೇರಿ ಸಾಧ್ಯ, ಕಿಲುಬು ಹಿಡಿದ ವೈರಿಂಗ್ ವರ್ಷಗಟ್ಟಲೆ ಒಂದಲ್ಲ ಒಂದು ತೊಂದರೆ ಕೊಡುತ್ತಲೇ ಇರುತ್ತದೆ.

ಮೀಟರಿನ ವಿಷಯ. 92 ಸಾವಿರ ಎಂದರೆ ವರ್ಷಕ್ಕೆ ಏಳು ಸಾವಿರದ ಆಸುಪಾಸು. ಹೆಚ್ಚು ಓಡಾಟವಿದ್ದವರೇ ಸಾಮಾನ್ಯವಾಗಿ ಡೀಸೆಲ್ ಕೊಳ್ಳುತ್ತಿದ್ದ ಕಾಲದ ಕಾರಿಗೆ ಇದು ಕಡಿಮೆಯೇ, ಅಸಾಧ್ಯವೆಂದೇನೂ ಇಲ್ಲ. ಮಾಲೀಕರನ್ನು ಕರೆದುಕೊಂಡು ಮಾರುತಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋದರೆ ಅಲ್ಲಿ ಆದ ಸರ್ವಿಸ್‌ಗಳ ದಿನಾಂಕ ಮತ್ತು ಕಿಲೋಮೀಟರ್ ಕಂಪ್ಯೂಟರಿನಲ್ಲಿ ನೋಡಬಹುದು. 2016ರಲ್ಲೇ 80 ಸಾವಿರ ದಾಟಿದ್ದು ಈಗ 92 ಆಗಿದ್ದರೆ ಬೇರೆ ಮಾತೇ ಬೇಡ. ಹೊರಗಿನ ಗ್ಯಾರೇಜಿನ ಕೈಬರಹದ ಬಿಲ್ಲುಗಳೂ ಉಪಯುಕ್ತ, ಅವುಗಳಲ್ಲಿ ಊರಿನ ಹೆಸರಿರುವುದರಿಂದ 2019ರ ಮಳೆಗಾಲದಲ್ಲಿ ಗಾಡಿ ಎಲ್ಲಿತ್ತು ಎಂಬುದೂ ಗೊತ್ತಾಗುತ್ತದೆ. ಕ್ಲಚ್ ಮತ್ತು ಬ್ರೇಕ್ ಪೆಡಲ್ಲಿನ ರಬ್ಬರು ನುಣುಪಾಗಿ ಸವೆದಿದ್ದರೆ ಅಥವಾ ಇಷ್ಟು ಹಳೆಯ ಗಾಡಿಗೆ ಹೊಚ್ಚ ಹೊಸದಾಗಿದ್ದರೆ, ಎರಡಕ್ಕೂ ಕಾರಣ ಕೇಳಿ.

ಈ ಕಾರಿನಲ್ಲಿರುವುದು ಫಿಯಟ್ ಮೂಲದ 1248 ಸಿಸಿ ಡೀಸೆಲ್ ಎಂಜಿನ್. ಚೆನ್ನಾಗಿ ನೋಡಿಕೊಂಡರೆ ಬಹಳ ಬಾಳುವ ಎಂಜಿನ್ ಎಂದೇ ನನ್ನ ಅಭಿಪ್ರಾಯ. ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆದರೆ ಆಯಿಲ್ ಬದಲಾವಣೆ ತಡವಾಗುತ್ತ ಹೋದರೆ ಚೈನ್ ಸಡಿಲವಾಗುತ್ತದೆ, ಕಳಚಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಅದನ್ನು ಕೇಳಿಸಿಕೊಳ್ಳಲು ಎಂಜಿನ್ ಪೂರ್ತಿ ತಣ್ಣಗಿರಬೇಕು. ಬೆಳಿಗ್ಗೆ ನೀವು ಹೋಗುವವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟು, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಇನ್ನೊಂದು ದಿನ ಬನ್ನಿ. ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಎಂಜಿನ್ನಿನ ಬದಿಯಿಂದ ಸರಪಳಿ ಅಲುಗಿದಂಥ ಸದ್ದು ಬಂದರೆ ಚೈನ್ ಸೆಟ್ ಬದಲಾಯಿಸುವ ಖರ್ಚನ್ನು ಬೆಲೆಯಿಂದ ಕಳೆಯಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಅಥಣಿಯ ಸುತ್ತ ಏರು ರಸ್ತೆ ಇಲ್ಲದ್ದರಿಂದ ಸಾಧ್ಯವಾದರೆ ಬೆಳಗಾವಿಯ ದಾರಿಯಲ್ಲಿ ವಂಟಮುರಿ ಘಾಟ್‌ವರೆಗೆ, ನಾಲ್ವರು ಕುಳಿತು, ಎಸಿ ಹಾಕಿ ಓಡಿಸಿ. ಕ್ಲಚ್ ಜಾರುವುದು, ಟರ್ಬೊ ಸೊರಗಿರುವುದು, ಕೂಲಂಟ್ ಬಿಸಿಯಾಗುವುದು ಏರಿನಲ್ಲಿ ಬೇಗ ಗೊತ್ತಾಗುತ್ತದೆ. ಟೈರು, ಬ್ಯಾಟರಿ, ಸಣ್ಣ ಗೀರುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ಅವು ಚೌಕಾಸಿಯ ಮಾತು.

ಬೆಲೆಯನ್ನು ಲೆಕ್ಕ ಹಾಕುವಾಗ ಪಾಸಿಂಗ್ ಬದಲಾವಣೆಯ ಖರ್ಚನ್ನು ಸೇರಿಸಲೇಬೇಕು. ಮಹಾರಾಷ್ಟ್ರದ ಗಾಡಿಯನ್ನು ಇಲ್ಲಿ ನಿಮ್ಮ ಹೆಸರಿಗೆ ಮಾಡಿಸಲು ಕೊಲ್ಲಾಪುರದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮಾರಾಟದ ಫಾರ್ಮ್ 29 ಮತ್ತು 30, ಸಾಲವಿದ್ದರೆ ಬ್ಯಾಂಕಿನ ಪತ್ರದೊಂದಿಗೆ ಫಾರ್ಮ್ 35 ಬೇಕು. ಜೊತೆಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಿ. 2027ರ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆಯೂ ಶುಲ್ಕವೂ ಇವೆ, ಕಾರಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಇವನ್ನೆಲ್ಲ ಕೂಡಿಸಿದ ಮೇಲೆ ಬೆಳಗಾವಿ ಪಾಸಿಂಗ್‌ನ ಅಂಥದೇ ಗಾಡಿಗಿಂತ ಅಗ್ಗವಾಗುತ್ತದೆಯೇ ಎಂದು ನೋಡಿ. ಆಗದಿದ್ದರೆ ಇಷ್ಟೊಂದು ಪರಿಶ್ರಮಕ್ಕೆ ಅರ್ಥವಿಲ್ಲ.

ಮಾರುವವರಿಗೆ 2019 ಮತ್ತು 2021ರ ಪಾಲಿಸಿಗಳ ಪ್ರತಿ, ಸರ್ವಿಸ್ ದಾಖಲೆ, ತಣ್ಣಗಿನ ಎಂಜಿನ್ ಈ ಮೂರನ್ನು ಕೇಳಿ. ಮೂರೂ ಸಿಕ್ಕಿ ಒಂದಕ್ಕೊಂದು ಹೊಂದಿದರೆ, ನಿಮ್ಮ ನಂಬಿಕೆಯ ಮೆಕ್ಯಾನಿಕ್ಕಿಗೆ ತೋರಿಸಿ ಮುಂದುವರಿಯಿರಿ. ಮೂರಕ್ಕೂ ನೆಪ ಹೇಳಿದರೆ ನಾನಾದರೆ ಕೊಳ್ಳುವುದಿಲ್ಲ. ಪೂರ್ತಿ ಹಣವನ್ನು ಎನ್‌ಒಸಿ ಕೈಗೆ ಬಂದ ಮೇಲೆ, ಅದರಲ್ಲಿನ ಚಾಸಿ ನಂಬರನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ನಿಮ್ಮ ಕಣ್ಣಿನಿಂದಲೇ ತಾಳೆ ನೋಡಿ, ಬ್ಯಾಂಕ್ ಮೂಲಕವೇ ಕೊಡಿ.