ಬೆಂಗಳೂರಿನಲ್ಲಿ ಮಗುವನ್ನು ಅಂಗನವಾಡಿಗೆ ಸೇರಿಸಿದರೆ ಊಟ ಬಿಟ್ಟು ಇನ್ನೇನು ಸಿಗುತ್ತದೆ?

ಊಟ ಒಂದು ಭಾಗ ಅಷ್ಟೇ. 3ರಿಂದ 6 ವರ್ಷದವರಿಗೆ ಹಾಡು, ಕಥೆ, ಆಟದ ಮೂಲಕ ಶಾಲಾಪೂರ್ವ ಶಿಕ್ಷಣ, ಜೊತೆಗೆ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ. 6 ತಿಂಗಳಿಂದ 3 ವರ್ಷದೊಳಗಿನ ಮಕ್ಕಳಿಗೆ ಆಹಾರವನ್ನು ಮನೆಗೇ ಕೊಡುತ್ತಾರೆ. ಅದನ್ನು ಮನೆಮಂದಿಯೆಲ್ಲ ಹಂಚಿಕೊಂಡು ತಿಂದರೆ ಮಗುವಿನ ತೂಕ ಏರುವುದಿಲ್ಲ. ಗರ್ಭಿಣಿ, ಬಾಣಂತಿಯರಿಗೆ 2017ರಿಂದ ಪೌಷ್ಟಿಕ ಊಟ ಕೊಡುವ ಮಾತೃಪೂರ್ಣ ಯೋಜನೆ ಇದೆ.

ಆದರೆ ಹೆಚ್ಚಿನವರು ಗಮನಿಸದ, ನನ್ನ ಪ್ರಕಾರ ಅತಿ ಮುಖ್ಯವಾದ ಕೆಲಸ ಎಂದರೆ ತಿಂಗಳ ತೂಕ-ಎತ್ತರದ ಲೆಕ್ಕ. ತೂಗುವಾಗ ಚಪ್ಪಲಿ, ಸ್ವೆಟರ್ ತೆಗೆಸಿ. 10 ಕೆಜಿ ಮಗುವಿನಲ್ಲಿ 300 ಗ್ರಾಂ ತಪ್ಪಾದರೂ ಬೆಳವಣಿಗೆ ಚಾರ್ಟ್‌ನ ಗೆರೆ ಮೇಲೇರಿದಂತೆ ಕಾಣುತ್ತದೆ, ನಿಜವಾದ ಇಳಿಕೆ ಮುಚ್ಚಿಹೋಗುತ್ತದೆ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ; ಮುಂದಿನ ತಿಂಗಳ ತೂಕಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಲಸಿಕೆ ಬಾಕಿಯಿದ್ದರೆ ಆಶಾ ಕಾರ್ಯಕರ್ತೆ, ನರ್ಸ್ ಮೂಲಕ ಹಾಕಿಸುತ್ತಾರೆ. ತಾಯಿ-ಮಗುವಿನ ಆರೋಗ್ಯ, ಲಸಿಕೆ ವಿವರ ಬರೆಯುವ ತಾಯಿ ಕಾರ್ಡ್ ಒಯ್ಯಿರಿ.

ಬಾಡಿಗೆ ಮನೆ ಬದಲಿಸುವವರಿಗೆ ಒಂದು ಮಾತು: ಅಂಗನವಾಡಿಯ ದಾಖಲೆ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರು ಹಳೇ ಕೇಂದ್ರದಲ್ಲೇ ಉಳಿದರೆ ಹೊಸ ಕಡೆ ನೋಂದಣಿಗೆ ತೊಡಕಾಗುತ್ತದೆ. ಮನೆ ಖಾಲಿ ಮಾಡುವ ಮುಂಚೆಯೇ ಅಲ್ಲಿನ ಟೀಚರಿಗೆ ಹೇಳಿ ವರ್ಗಾವಣೆ ಮಾಡಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ.