ಪಕ್ಷ ಮುಚ್ಚಿದರೂ ಬ್ಯಾಂಕಾಕ್ ಯಾಕೆ ಸುಮ್ಮನಿತ್ತು?

ತೀರ್ಥಹಳ್ಳಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಥಾಯ್ಲೆಂಡಿನ ಸಂವಿಧಾನ ನ್ಯಾಯಾಲಯ 2024ರ ಆಗಸ್ಟ್ 7ರಂದು ಮೂವ್ ಫಾರ್ವರ್ಡ್ ಪಕ್ಷವನ್ನು ವಿಸರ್ಜಿಸಿದ್ದರ ಬಗ್ಗೆ ನಾವು ಹಾಕಿದ್ದ ಟಿಪ್ಪಣಿ ಅವರಿಗೆ ಹಿಡಿಸಿಲ್ಲ. ಪತ್ರದ ತಿರುಳು ಇಷ್ಟು: "ಒಂದೂವರೆ ಕೋಟಿಯ ಹತ್ತಿರ ಜನ ವೋಟು ಹಾಕಿದ ಪಕ್ಷವನ್ನು ಒಂಬತ್ತು ಜನ ನ್ಯಾಯಾಧೀಶರು ಒಂದು ಮಧ್ಯಾಹ್ನ ಮುಚ್ಚಿಬಿಟ್ಟರು. ನಮ್ಮಲ್ಲಾದರೆ ಅವತ್ತೇ ಬಸ್ಸು ನಿಲ್ಲುತ್ತಿತ್ತು. ಅಲ್ಲಿ ಒಂದು ಟೈರೂ ಸುಟ್ಟ ಹಾಗೆ ಕಾಣಲಿಲ್ಲ. ಅಂದರೆ ಜನಕ್ಕೂ ಅದು ಒಪ್ಪಿಗೆಯೇ ಇತ್ತು ಅಂತ ಅಲ್ವಾ? ಕಾನೂನು ಮುರಿದರೆ ಪಕ್ಷವಾದರೇನು, ವ್ಯಕ್ತಿಯಾದರೇನು?"

ನಮಸ್ಕಾರ. ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ.

ಆ ಪಕ್ಷದ ಮೇಲಿದ್ದ ಆರೋಪ ಲಂಚದ್ದಲ್ಲ, ವೋಟಿಗೆ ದುಡ್ಡು ಹಂಚಿದ್ದೂ ಅಲ್ಲ. ಥಾಯ್ಲೆಂಡಿನ ದಂಡ ಸಂಹಿತೆಯಲ್ಲಿ 112ನೇ ಕಲಂ ಅಂತ ಒಂದಿದೆ. ರಾಜನನ್ನೋ ರಾಣಿಯನ್ನೋ ಉತ್ತರಾಧಿಕಾರಿಯನ್ನೋ ಅವಮಾನಿಸಿದರೆ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ದೂರನ್ನು ಯಾರು ಬೇಕಾದರೂ ಕೊಡಬಹುದು, ಯಾರ ಮೇಲೆ ಬೇಕಾದರೂ ಕೊಡಬಹುದು. ಶಿಕ್ಷೆ ಕಡಿಮೆ ಮಾಡೋಣ, ದೂರು ಕೊಡುವ ಅಧಿಕಾರ ಅರಮನೆಯ ಕಚೇರಿಗೆ ಮಾತ್ರ ಇರಲಿ ಎಂದು ಈ ಪಕ್ಷ ಹೇಳಿತು. 2021ರಲ್ಲಿ ಅದರ 44 ಸಂಸದರು ತಿದ್ದುಪಡಿ ಮಸೂದೆಗೆ ಸಹಿ ಹಾಕಿದರು. 2023ರ ಚುನಾವಣೆಯಲ್ಲೂ ಅದನ್ನೇ ಹೇಳಿ ವೋಟು ಕೇಳಿದರು. 2024ರ ಜನವರಿ 31ರಂದು ಸಂವಿಧಾನ ನ್ಯಾಯಾಲಯ, ಇದು ರಾಜನನ್ನು ಮುಖ್ಯಸ್ಥನಾಗಿ ಉಳ್ಳ ಪ್ರಜಾಪ್ರಭುತ್ವವನ್ನು ಬುಡಮೇಲು ಮಾಡುವ ಪ್ರಯತ್ನ ಅಂದಿತು. ಆಗಸ್ಟ್‌ನಲ್ಲಿ ಒಂಬತ್ತಕ್ಕೆ ಒಂಬತ್ತು ನ್ಯಾಯಾಧೀಶರೂ ವಿಸರ್ಜನೆಗೆ ಒಪ್ಪಿದರು. ಪಕ್ಷದ ಮಾಜಿ ನಾಯಕ ಪಿಟಾ ಲಿಮ್‌ಜಾರೋನ್‌ರತ್ ಸೇರಿ 11 ಪದಾಧಿಕಾರಿಗಳಿಗೆ ಹತ್ತು ವರ್ಷ ರಾಜಕೀಯ ನಿಷೇಧ.

ಕಾನೂನು ತಿದ್ದುವುದು ಸಂಸದರ ಕೆಲಸ. ಸಂಸತ್ತಿನಲ್ಲಿ ಮಸೂದೆ ಇಟ್ಟದ್ದೇ ತಪ್ಪು ಅನ್ನುವುದಾದರೆ ಅದನ್ನು 'ಕಾನೂನು ಮುರಿದರು' ಎಂಬ ಸಾಲಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ನಿಮಗೆ ಬರಬಹುದು. ಅಲ್ಲಿಯೂ ಹಾಗೆ ಯೋಚಿಸುವವರು ಬೇಕಾದಷ್ಟು ಜನ ಇದ್ದಾರೆ, ಅವರ ಮಾತಿಗೆ ಮುಂದೆ ಬರುತ್ತೇನೆ.

ಈಗ ಬೀದಿಯ ವಿಷಯ. ಅಲ್ಲಿನ ಜನ ಬೀದಿಗೆ ಇಳಿಯದವರೇನಲ್ಲ. ಇಳಿದು ಇಳಿದು ಸುಸ್ತಾದವರು.

2007ರ ಮೇ 30ರಂದು ಥಾಕ್ಸಿನ್ ಶಿನವಾತ್ರ ಅವರ ಥಾಯ್ ರಕ್ ಥಾಯ್ ಪಕ್ಷವನ್ನು ವಿಸರ್ಜಿಸಿ 111 ಮುಖಂಡರಿಗೆ ಐದು ವರ್ಷ ನಿಷೇಧ ಹಾಕಿದರು. ಅದರ ಹಿಂದಿನ ವರ್ಷವಷ್ಟೇ ಸೇನೆ ಥಾಕ್ಸಿನ್ ಸರ್ಕಾರವನ್ನು ಕಿತ್ತೊಗೆದಿತ್ತು. ಆದರೆ ಆ ಪಕ್ಷದವರು ಬೇರೆ ಹೆಸರಿನಲ್ಲಿ ನಿಂತು ಅದೇ ಡಿಸೆಂಬರ್‌ನಲ್ಲಿ ಮತ್ತೆ ಗೆದ್ದರು. ಒಂದು ವರ್ಷ ಆಗುವುದರೊಳಗೆ ಆ ಎರಡನೇ ಪಕ್ಷದ ಸರದಿಯೂ ಬಂತು.

ಆ ದಿನವನ್ನು, ಅಂದರೆ 2008ರ ಡಿಸೆಂಬರ್ 2ನ್ನು, ಸ್ವಲ್ಪ ಹತ್ತಿರದಿಂದ ನೋಡಬೇಕು. ಥಾಕ್ಸಿನ್ ವಿರೋಧಿಗಳಾದ, ರಾಜನಿಷ್ಠ ಹಳದಿ ಅಂಗಿಯವರು ಒಂದು ವಾರದಿಂದ ಸುವರ್ಣಭೂಮಿ ವಿಮಾನ ನಿಲ್ದಾಣವನ್ನು ಹಿಡಿದುಕೊಂಡು ಕೂತಿದ್ದರು. ವಿಮಾನಗಳೆಲ್ಲ ಬಂದ್. ಲಕ್ಷಾಂತರ ಪ್ರಯಾಣಿಕರು ಅಲ್ಲಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಇತ್ತ ಸರ್ಕಾರದ ಪರವಾದ ಕೆಂಪು ಅಂಗಿಯವರು ಸಂವಿಧಾನ ನ್ಯಾಯಾಲಯಕ್ಕೇ ಮುತ್ತಿಗೆ ಹಾಕಿದರು. ನ್ಯಾಯಾಧೀಶರು ತಮ್ಮ ಕಟ್ಟಡ ಬಿಟ್ಟು ಆಡಳಿತ ನ್ಯಾಯಾಲಯಕ್ಕೆ ಹೋಗಿ ತೀರ್ಪು ಓದಬೇಕಾಯಿತು. ಪ್ರಧಾನಿ ಸೋಮ್‌ಚಾಯ್ ವೊಂಗ್ಸವಾತ್, ಇವರು ಥಾಕ್ಸಿನ್ ಅವರ ತಂಗಿಯ ಗಂಡ, ಕುರ್ಚಿ ಕಳೆದುಕೊಂಡರು. ವಿಮಾನ ನಿಲ್ದಾಣದಲ್ಲಿ ಕೂತವರು ಕೇಕೆ ಹಾಕಿ ಕುಣಿದರು. ಮರುದಿನ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋದರು. ಒಂದೇ ತೀರ್ಪು, ಒಂದೇ ಊರು. ಒಂದು ಕಡೆ ಹಬ್ಬ, ಇನ್ನೊಂದು ಕಡೆ ಸೂತಕ. ಹಾಗಾಗಿ 'ಥಾಯ್ ಜನ ಏನಂದರು' ಎಂಬ ಪ್ರಶ್ನೆಗೆ ಯಾವತ್ತೂ ಒಂದೇ ಉತ್ತರ ಇರಲಿಲ್ಲ.

ಕೆಂಪು ಅಂಗಿಯವರಿಗೆ ಸಿಟ್ಟು ಬಂದದ್ದು ಪಕ್ಷ ಹೋಯಿತು ಅಂತ ಮಾತ್ರ ಅಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬುದು ಅವರ ದೊಡ್ಡ ದೂರು. ಅದಕ್ಕೆ ಕಾರಣವೂ ಇತ್ತು. 2010ರ ನವೆಂಬರ್ 29ರಂದು ಆಗ ಅಧಿಕಾರದಲ್ಲಿದ್ದ ಡೆಮಾಕ್ರಟ್ ಪಕ್ಷದ ಮೇಲಿನ ವಿಸರ್ಜನೆಯ ಕೇಸು ಅದೇ ನ್ಯಾಯಾಲಯದ ಮುಂದಿತ್ತು. ಚುನಾವಣಾ ಆಯೋಗದ ನಿಧಿಯಿಂದ ಬಂದ 2.9 ಕೋಟಿ ಬಾಟ್ ದುರುಪಯೋಗದ ಆರೋಪ. ಕೇಸು ಗಡುವು ಮೀರಿ ಸಲ್ಲಿಕೆಯಾಗಿದೆ ಎಂದು ನ್ಯಾಯಾಲಯ ವಜಾ ಮಾಡಿತು. ಅಷ್ಟರಲ್ಲಾಗಲೇ, ಅದೇ ವರ್ಷದ ಏಪ್ರಿಲ್, ಮೇ ತಿಂಗಳಲ್ಲಿ ಕೆಂಪು ಅಂಗಿಯವರ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕುವಾಗ ಬ್ಯಾಂಕಾಕಿನ ಬೀದಿಗಳಲ್ಲಿ 90ಕ್ಕೂ ಹೆಚ್ಚು ಜನ ಸತ್ತಿದ್ದರು. ಬೀದಿಗೆ ಇಳಿದರೆ ಏನಾಗುತ್ತದೆ ಎಂಬುದನ್ನು ಆ ತಲೆಮಾರು ಕಣ್ಣಾರೆ ಕಂಡಿದೆ.

ಮುಂದಿನ ತಲೆಮಾರಿನವರು ಇನ್ನೊಂದು ದಾರಿ ಹಿಡಿದರು. 2018ರಲ್ಲಿ ಹುಟ್ಟಿದ, ಮೂವ್ ಫಾರ್ವರ್ಡ್‌ನ ಹಿಂದಿನ ಅವತಾರವಾದ ಫ್ಯೂಚರ್ ಫಾರ್ವರ್ಡ್ ಪಕ್ಷಕ್ಕೆ 2019ರ ಚುನಾವಣೆಯಲ್ಲಿ ಸುಮಾರು 63 ಲಕ್ಷ ವೋಟು ಬಿತ್ತು. ಅದರ ಸ್ಥಾಪಕ ತನಾತೋರ್ನ್ ತಮ್ಮದೇ ಪಕ್ಷಕ್ಕೆ 19.1 ಕೋಟಿ ಬಾಟ್ ಸಾಲ ಕೊಟ್ಟಿದ್ದರು. ಅದು ಸಾಲವಲ್ಲ, ಅಕ್ರಮ ದೇಣಿಗೆ ಎಂದು 2020ರ ಫೆಬ್ರುವರಿ 21ರಂದು ಅದನ್ನೂ ಮುಚ್ಚಿದರು. ಆಗ ಎದ್ದವರು ಕಾಲೇಜು ಹುಡುಗ ಹುಡುಗಿಯರು. ಸಂಜೆ ಹೊತ್ತಿಗೆ ಕ್ಯಾಂಪಸ್ಸಿನಲ್ಲಿ ಸೇರಿ, ಮೊಬೈಲ್ ಟಾರ್ಚ್ ಹಚ್ಚಿ, ಪ್ರತಿಭಟನೆಯ ಗುರುತಾಗಿ ಮೂರು ಬೆರಳು ಎತ್ತಿ, ಗಂಟೆ ಎರಡು ಗಂಟೆಯಲ್ಲಿ ಚದುರುತ್ತಿದ್ದರು. ಒಂದೊಂದು ವಿಶ್ವವಿದ್ಯಾಲಯಕ್ಕೂ ತನ್ನದೇ ಹ್ಯಾಶ್‌ಟ್ಯಾಗ್. ದೇಶದ ಆಧಾರಸ್ತಂಭ ಎಂಬ ಬಿರುದಿರುವ ಚುಲಾಲಾಂಗ್‌ಕಾರ್ನ್‌ನವರು 'ಕಂಬ ಇನ್ನು ಮುರಿಯುವುದಿಲ್ಲ' ಅಂದರು. ಕೃಷಿ ವಿಶ್ವವಿದ್ಯಾಲಯದವರದ್ದು 'ನಾವು ತೆಂಗಿನಹಾಲು ಸುರಿದ ಸಿಹಿತಿಂಡಿಯಲ್ಲ'! ಆ ತಿಂಡಿಯ ಹೆಸರೇ ಅಲ್ಲಿ ಕಟ್ಟಾ ರಾಜನಿಷ್ಠರಿಗೆ ಇಟ್ಟ ಅಡ್ಡಹೆಸರು. ಇಂಥ ತುಂಟತನ ನನಗೆ ಇಷ್ಟವಾಯಿತು, ಒಪ್ಪಿಕೊಳ್ಳುತ್ತೇನೆ. ಕೊರೊನಾ ಬಂದು ಸ್ವಲ್ಪ ದಿನ ಎಲ್ಲ ನಿಂತಿತು. ಜುಲೈಯಿಂದ ಮತ್ತೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಹತ್ತಾರು ಸಾವಿರ ಜನ ಬೀದಿಯಲ್ಲಿದ್ದರು. ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತು, ಅಂದರೆ ಅರಮನೆಯ ಸುಧಾರಣೆ, ಆಗ ಮೈಕಿನಲ್ಲಿ ಬಂತು.

ಸರ್ಕಾರ ಅದಕ್ಕೆ ಕೇಸುಗಳ ಮೂಲಕ ಉತ್ತರ ಕೊಟ್ಟಿತು. 2020ರಿಂದ ಈಚೆಗೆ ರಾಜಕೀಯ ಸಭೆ, ಭಾಷಣ, ಪೋಸ್ಟುಗಳಿಗಾಗಿ 1,900ಕ್ಕೂ ಹೆಚ್ಚು ಜನರ ಮೇಲೆ ಕೇಸು ಬಿದ್ದಿದೆ. ಅವರಲ್ಲಿ 270ಕ್ಕೂ ಹೆಚ್ಚು ಜನರ ಮೇಲಿರುವುದು ಇದೇ 112. ಚಿಯಾಂಗ್ ರೈ ಪ್ರಾಂತ್ಯದ, ಆನ್‌ಲೈನಿನಲ್ಲಿ ಬಟ್ಟೆ ಮಾರುತ್ತಿದ್ದ ಯುವಕನೊಬ್ಬನಿಗೆ ಫೇಸ್‌ಬುಕ್ ಪೋಸ್ಟುಗಳಿಗಾಗಿ 2024ರ ಜನವರಿಯಲ್ಲಿ ಒಟ್ಟು 50 ವರ್ಷ ಶಿಕ್ಷೆಯಾಯಿತು. ಮೇ ತಿಂಗಳಲ್ಲಿ, ಬಹಳ ದಿನ ಉಪವಾಸ ಮಾಡಿದ್ದ ಯುವ ಹೋರಾಟಗಾರ್ತಿಯೊಬ್ಬಳು ವಿಚಾರಣಾ ಕೈದಿಯಾಗಿಯೇ ತೀರಿಕೊಂಡಳು. ಆಮೇಲೆ ಮೂರು ತಿಂಗಳೊಳಗೆ ಈ ವಿಸರ್ಜನೆಯ ತೀರ್ಪು. ಬೀದಿಯಲ್ಲಿ ಮೆರವಣಿಗೆ ಕಟ್ಟಬೇಕಾದವರು ಒಂದೋ ಜೈಲಿನಲ್ಲಿದ್ದರು, ಇಲ್ಲ ಜಾಮೀನಿನ ಮೇಲಿದ್ದರು, ಇಲ್ಲ ದೇಶ ಬಿಟ್ಟಿದ್ದರು.

ಹೆದರಿಕೆ ಒಂದು ಪಾಲು. ಇನ್ನೊಂದು ಪಾಲು ಲೆಕ್ಕಾಚಾರ. ಜನಕ್ಕೆ ಇದು ದಿಢೀರ್ ಆಘಾತವಾಗಿರಲಿಲ್ಲ. ದೊಡ್ಡ ಆಘಾತ ಹಿಂದಿನ ವರ್ಷವೇ ಆಗಿತ್ತು. 2023ರ ಮೇ ಚುನಾವಣೆಯಲ್ಲಿ 500ರಲ್ಲಿ 151 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂದರೂ ಪಿಟಾ ಪ್ರಧಾನಿಯಾಗಲಿಲ್ಲ. ಸೇನಾ ಆಡಳಿತ ನೇಮಿಸಿದ್ದ 250 ಸೆನೆಟರುಗಳಿಗೂ ಆಗ ವೋಟು ಹಾಕುವ ಹಕ್ಕಿತ್ತು. 375 ಬೇಕಿದ್ದಲ್ಲಿ ಪಿಟಾಗೆ ಸಿಕ್ಕಿದ್ದು 324. ಜನವರಿಯ ತೀರ್ಪಿನ ಮೇಲಂತೂ ಪಕ್ಷ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಪಕ್ಷದವರೂ ತಯಾರಾಗಿದ್ದರು. ಅಲ್ಲಿನ ನಿಯಮದ ಪ್ರಕಾರ ಪಕ್ಷ ಹೋದರೆ ಸಂಸದರು 60 ದಿನದೊಳಗೆ ಇನ್ನೊಂದು ಪಕ್ಷ ಸೇರಬೇಕು, ಇಲ್ಲದಿದ್ದರೆ ಸೀಟು ಹೋಗುತ್ತದೆ. ಇವರು 60 ದಿನ ಕಾಯಲಿಲ್ಲ, ಎರಡೇ ದಿನ ಸಾಕಾಯಿತು. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಸಣ್ಣ ಪಕ್ಷವೊಂದರ ನೋಂದಣಿ ಹಿಡಿದು, ಅದಕ್ಕೆ ಪೀಪಲ್ಸ್ ಪಾರ್ಟಿ ಎಂದು ಹೆಸರಿಟ್ಟು, ಅದೇ ಕಿತ್ತಳೆ ಬಣ್ಣ ಬಳಿದು, 143 ಸಂಸದರು ಒಟ್ಟಿಗೆ ಹೋಗಿ ಕೂತರು. 37 ವರ್ಷದ ನತ್ತಫೋಂಗ್ ರುವೆಂಗ್‌ಪನ್ಯಾವುತ್ ನಾಯಕರಾದರು. 2027ಕ್ಕೆ ಸರ್ಕಾರ ಮಾಡುತ್ತೇವೆ ಎಂದರು.

ನೀವು ಹುಡುಕುತ್ತಿರುವ ಪ್ರತಿಕ್ರಿಯೆ ಇರುವುದು ಇಲ್ಲಿ. ಹೊಸ ಪಕ್ಷಕ್ಕೆ ದೇಣಿಗೆ ಹರಿದು ಬಂತು. ಒಂದು ದಿನ ಕಳೆಯುವುದರೊಳಗೆ 1 ಕೋಟಿ ಬಾಟ್ ದಾಟಿತು. ಸಾವಿರಾರು ಜನ ಸದಸ್ಯತ್ವಕ್ಕೆ ಫಾರ್ಮು ತುಂಬಿದರು. ಇದಕ್ಕೆ ಟೈರು ಬೇಡ, ಪೊಲೀಸರ ಅನುಮತಿಯೂ ಬೇಡ. ಟಿವಿಯಲ್ಲಿ ತೋರಿಸಲು ದೃಶ್ಯ ಇಲ್ಲ ಅಷ್ಟೇ, ಅದಕ್ಕೇ ನಿಮಗೆ ಕಾಣಲಿಲ್ಲ. ತಮ್ಮ ಹೆಸರು, ಗುರುತಿನ ಚೀಟಿಯ ನಂಬರು ಕೊಟ್ಟು, ವಿಸರ್ಜನೆಯಾದ ಪಕ್ಷದ ಉತ್ತರಾಧಿಕಾರಿಗೆ ಸದಸ್ಯರಾಗುವುದು ಆ ವಾತಾವರಣದಲ್ಲಿ ಸಣ್ಣ ಮಾತೇನಲ್ಲ. ಒಪ್ಪಿಗೆಯಿದ್ದವರು ಹೀಗೆ ಮಾಡ್ತಾರಾ?

ಹಾಗಂತ ಇಡೀ ದೇಶ ಕೊರಗಿತು ಅಂತಲೂ ನಾನು ಹೇಳುವುದಿಲ್ಲ. ರಾಜನಿಷ್ಠರಿಗೆ ತೀರ್ಪು ಸರಿ ಕಂಡಿತು. ಅವರ ವಾದ ಸರಳ: ಅರಮನೆ ದೇಶದ ಬೆನ್ನೆಲುಬು, ಅದನ್ನು ಮುಟ್ಟಬಾರದು. ಅವರೆಲ್ಲ ಬಾಡಿಗೆಯ ಜನ ಎಂದು ಬರೆಯುವುದು ಸುಲಭ, ಆದರೆ ಸುಳ್ಳು. ಇನ್ನು ಥಾಕ್ಸಿನ್ ಬಣದ ಫ್ಯೂ ಥಾಯ್ ಪಕ್ಷದ ಕಥೆಯೇ ಬೇರೆ. ಎರಡು ಸಲ ವಿಸರ್ಜನೆಯ ಏಟು ತಿಂದವರ ವಾರಸುದಾರರು, 2023ರಲ್ಲಿ ಹಳೆ ಸೇನಾಧಿಕಾರಿಗಳ ಪಕ್ಷಗಳ ಜೊತೆ ಸೇರಿ ಸರ್ಕಾರ ಮಾಡಿಕೊಂಡಿದ್ದರು. ಮೂವ್ ಫಾರ್ವರ್ಡ್ ಮುಚ್ಚಿದ ಒಂದೇ ವಾರಕ್ಕೆ, ಆಗಸ್ಟ್ 14ರಂದು, ಅದೇ ನ್ಯಾಯಾಲಯ ಅವರ ಪ್ರಧಾನಿ ಸ್ರೆತ್ತಾ ಅವರನ್ನೂ 5-4ರ ಬಹುಮತದಲ್ಲಿ ಇಳಿಸಿತು. ಅವರ ನಂತರ ಪ್ರಧಾನಿಯಾದ ಥಾಕ್ಸಿನ್ ಮಗಳು ಪೇತೋಂಗ್‌ತಾರ್ನ್ ಅವರನ್ನೂ ಮುಂದಿನ ವರ್ಷದ ಆಗಸ್ಟ್ 29ಕ್ಕೆ ಇಳಿಸಿತು.

ನಮ್ಮಲ್ಲಾದರೆ ಅಂತ ಬರೆದಿದ್ದೀರಿ. ನಮ್ಮಲ್ಲಿ ಪಕ್ಷಗಳ ನೋಂದಣಿ ರದ್ದು ಮಾಡಲು ಚುನಾವಣಾ ಆಯೋಗಕ್ಕಿರುವ ಅಧಿಕಾರವೇ ಬಹಳ ಕಡಿಮೆ. ಮೋಸದಿಂದ ನೋಂದಣಿ ಪಡೆದಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ಸಾಧ್ಯ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಹಾಗಾಗಿ ಹೋಲಿಕೆ ಕೂಡಿಬರುವುದಿಲ್ಲ.

ಪತ್ರದ ಕೊನೆಗೆ ಇನ್ನೊಂದು ವಿಷಯ ಬರೆದಿದ್ದೀರಿ. ನಿಮ್ಮ ಅಕ್ಕನ ಮಗ ಬ್ಯಾಂಕಾಕಿನಲ್ಲಿ ಕೆಲಸದಲ್ಲಿದ್ದಾನೆ, ತೀರ್ಪಿನ ಮರುದಿನ ಆಫೀಸಿನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲವಂತೆ. ಅದು ಸಹಜ. ಪಕ್ಕದ ಸೀಟಿನವನು ಯಾವ ಬಣ್ಣದವನು ಅಂತ ಗೊತ್ತಿಲ್ಲದಿದ್ದಾಗ, ಯಾರು ಬೇಕಾದರೂ ದೂರು ಕೊಡಬಹುದಾದ ಕಾನೂನಿನ ಬಗ್ಗೆ ಆಫೀಸಿನಲ್ಲಿ ಯಾರು ಮಾತಾಡುತ್ತಾರೆ? ಅದೂ ಹೊರದೇಶದವನ ಎದುರಿಗೆ. ಅವನಿಗೆ ಹೇಳಿ, ಸಹೋದ್ಯೋಗಿಗಳನ್ನು ಕೆದಕಿ ಕೇಳುವುದು ಬೇಡ. ಅರಮನೆಯ ಬಗ್ಗೆ ವಾಟ್ಸಾಪಿನಲ್ಲಿ ಬಂದ ತಮಾಷೆಯನ್ನು ಫೇಸ್‌ಬುಕ್ಕಿಗೆ ಹಾಕುವುದಂತೂ ಬೇಡವೇ ಬೇಡ. 112 ವಿದೇಶಿಯರಿಗೂ ಅನ್ವಯಿಸುತ್ತದೆ. 2025ರ ಏಪ್ರಿಲ್‌ನಲ್ಲಿ ಅಲ್ಲೇ ಪಾಠ ಮಾಡುತ್ತಿದ್ದ ಅಮೆರಿಕದ ಪ್ರಾಧ್ಯಾಪಕರೊಬ್ಬರನ್ನು ಇದೇ ಕಲಮಿನಡಿ ಬಂಧಿಸಿದರು. ಮರುತಿಂಗಳು ಕೇಸು ಕೈಬಿಟ್ಟರು, ನಿಜ. ಆದರೆ ಅಷ್ಟರಲ್ಲಿ ವೀಸಾ ರದ್ದಾಗಿತ್ತು, ಅವರು ದೇಶ ಬಿಡಬೇಕಾಯಿತು.

ಸಂ.