ಶಿರಸಿಯಲ್ಲಿ ಮೌಂಟನ್ ಮೇಪಲ್ ಬೆಳೆದೀತೇ? – ಪ್ರತಿಕ್ರಿಯೆ

ನಮಸ್ಕಾರ. ಅಮೆರಿಕದಿಂದ ಮಗಳು ತರಲಿರುವ ಮೌಂಟನ್ ಮೇಪಲ್ ಬೀಜಗಳು ಶಿರಸಿ ಸಮೀಪದ ನಿಮ್ಮ ತೋಟದಂಚಿನಲ್ಲಿ ಮರವಾದಾವೇ ಎಂದು ಕೇಳಿದ್ದೀರಿ. ಮೊಳಕೆ ಬಂದರೂ ಮರವಾಗುವುದು ಕಷ್ಟವೆಂದೇ ನನ್ನ ಅಭಿಪ್ರಾಯ.

ಏಸರ್ ಸ್ಪಿಕೇಟಮ್ ಎಂಬ ಈ ಸಣ್ಣ ಮರವು ಪೂರ್ವ ಕೆನಡಾದಿಂದ ಅಪಲೇಚಿಯನ್ ಬೆಟ್ಟಸಾಲಿನವರೆಗಿನ ತಂಪು ಕಾಡುಗಳಲ್ಲಿ, ದೊಡ್ಡ ಮರಗಳ ನೆರಳಿನಡಿ, ಸಾಮಾನ್ಯವಾಗಿ 3ರಿಂದ 8 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ನೆರಳು, ತೇವ ಎರಡೂ ನಮ್ಮಲ್ಲಿ ಧಾರಾಳವಾಗಿವೆ, ಇಲ್ಲದಿರುವುದು ಚಳಿ. ಇದರ ಬೀಜ ಚೆನ್ನಾಗಿ ಮೊಳೆಯಬೇಕಾದರೆ ಸುಮಾರು 3 ತಿಂಗಳಾದರೂ ಒದ್ದೆಯಾದ ಶೀತದಲ್ಲಿರಬೇಕು. ಅಷ್ಟನ್ನು ಫ್ರಿಜ್ಜಿನಲ್ಲಿ, ತೇವದ ಮರಳಿನೊಳಗಿಟ್ಟು ಸಾಧಿಸಬಹುದಾದರೂ, ಗಿಡವು ಪ್ರತಿವರ್ಷ ಎಲೆಯುದುರಿಸಿ ವಿಶ್ರಮಿಸಲು ಬೇಕಾದ ದೀರ್ಘ ಹಿಮಗಾಲವನ್ನು, ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿರುವ ಶಿರಸಿ ಕೊಡಲಾರದು. ಕಾರವಾರದ ಕಡೆಯಂತೂ ಕೇಳುವುದೇ ಬೇಡ. ಜೊತೆಗೆ, ವಿದೇಶದ ಬೀಜ ತರಲು ಆಮದು ಪರವಾನಗಿಯೂ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ಚೀಲದಲ್ಲಿ ಹಾಕಿಕೊಂಡು ಬಾರದಂತೆ ಮಗಳಿಗೆ ದಯವಿಟ್ಟು ಈಗಲೇ ತಿಳಿಸಿ.

ನಿಮ್ಮ ಆಸೆ ಕೆಂಪೆಲೆಯ ಸೊಬಗಿನದಾದರೆ, ಮೇಪಲ್ ಸೇರಿರುವ ಸ್ಯಾಪಿಂಡೇಸಿ ಕುಟುಂಬದ್ದೇ ಆದ ಸಾಗಡೆಯನ್ನು ನೆಡಿ. (ನಮ್ಮ ಅಂಟುವಾಳವೂ ಇದೇ ಕುಟುಂಬದ್ದು.) ಮೇಪಲ್ ಎಲೆ ಉದುರುವ ಮುನ್ನ ಬಣ್ಣವೇರಿದರೆ, ಸಾಗಡೆಯು ಬೇಸಿಗೆಯ ಹೊಸ್ತಿಲಲ್ಲಿ ಕಡುಗೆಂಪು ಚಿಗುರಿನಿಂದ ತುಂಬುತ್ತದೆ, ಮತ್ತು ಆ ನೋಟ ಯಾವ ಮೇಪಲ್‌ಗೂ ಕಡಿಮೆಯಲ್ಲ. ಇದು ನಿಧಾನವಾಗಿ, ಆದರೆ ದೊಡ್ಡದಾಗಿ ಬೆಳೆಯುವ ಮರವಾದ್ದರಿಂದ ಅಡಿಕೆ ಸಾಲಿನ ಹತ್ತಿರ ಬೇಡ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲಿ, ಮಳೆ ಹಿಡಿದ ಮೇಲೆ ನೆಡುವುದು ಒಳ್ಳೆಯದು.